ಅಕ್ವೇರಿಯಂ ಸಂಪ್ ಎಷ್ಟು ದೊಡ್ಡದಿರಬೇಕು? ‘ಟ್ಯಾಂಕಿನ 30% ಸಾಕು’ ಎಂಬ ಮಾತು ಎಷ್ಟು ನಿಜ?

‘ಅಕ್ವೇರಿಯಂನ 30 ಪರ್ಸೆಂಟ್ ಅಳತೆಯ ಸಂಪ್ ಮಾಡಿಸಿ, ಯೋಚನೆಯೇ ಬೇಡ.’ ಮೀನು ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಆಗಾಗ ಕಾಣಿಸುತ್ತದೆ. ಕೆಲವರು 20 ಅನ್ನುತ್ತಾರೆ, ಕೆಲವರು 40. ‘ಎನ್‌ಆರ್‌ವಿ ಹಾಕಿದರೆ ಕರೆಂಟ್ ಹೋದರೂ ಚಿಂತೆಯಿಲ್ಲ’, ‘ಪಾರ್ಟಿಷನ್ ಹೆಚ್ಚಾದಷ್ಟೂ ನೀರು ಕ್ಲೀನ್’ ಎಂಬ ಸಲಹೆಗಳೂ ಜೊತೆಗೇ ಬರುತ್ತವೆ. ಇವುಗಳನ್ನು ನಂಬಿ ಗಾಜು ಕತ್ತರಿಸಿದವರಲ್ಲಿ ಕೆಲವರಿಗೆ ತಪ್ಪು ಗೊತ್ತಾಗುವುದು ರಾತ್ರಿ ಕರೆಂಟ್ ಹೋದ ಮೇಲೆ, ಹಾಲ್‌ನಲ್ಲಿ ಕಾಲಿಟ್ಟಾಗ ನೀರು ಪಚಕ್ ಎಂದಾಗ.

ಪರ್ಸೆಂಟ್ ಲೆಕ್ಕ ಪೂರ್ತಿ ಸುಳ್ಳೇನಲ್ಲ. ಆದರೆ ಅದು ಅಂದಾಜು ಮಾತ್ರ. ಸಂಪ್‌ನ ಅಳತೆಯನ್ನು ನಿಜವಾಗಿ ತೀರ್ಮಾನಿಸುವುದು ಬೇರೊಂದು ಪ್ರಶ್ನೆ: ಪಂಪ್ ನಿಂತಾಗ ಮೇಲಿನಿಂದ ಎಷ್ಟು ಲೀಟರ್ ನೀರು ಕೆಳಗಿಳಿಯುತ್ತದೆ? ಅಷ್ಟು ನೀರಿಗೆ ಸಂಪ್‌ನಲ್ಲಿ ಖಾಲಿ ಜಾಗ ಇದೆಯೇ?

ಇದು ಯಾವ ಸಂಪ್?

ನಮ್ಮಲ್ಲಿ ಸಂಪ್ ಎಂದರೆ ಮೊದಲು ನೆನಪಾಗುವುದು ಮನೆ ಮುಂದೆ ನೆಲದಡಿ ಇರುವ ನೀರಿನ ತೊಟ್ಟಿ. ಅಕ್ವೇರಿಯಂ ಸಂಪ್ ಕೂಡ ಅದರ ತಮ್ಮನಂತೆಯೇ. ಮೀನಿನ ಟ್ಯಾಂಕ್ ಮೇಲೆ, ಅದರ ಸ್ಟ್ಯಾಂಡಿನೊಳಗೆ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಓವರ್‌ಫ್ಲೋ ಬಾಕ್ಸ್‌ನ ಹಲ್ಲುಗಳ ಮೂಲಕ ತುಳುಕಿ, ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕೆಳಗೆ ಸೋಸಿ ಶುದ್ಧವಾದ ನೀರನ್ನು ರಿಟರ್ನ್ ಪಂಪ್ ಮತ್ತೆ ಮೇಲಕ್ಕೆ ತಳ್ಳುತ್ತದೆ. ಮನೆಯ ಸಂಪ್‌ಗೂ ಇದಕ್ಕೂ ವ್ಯತ್ಯಾಸ ಒಂದೇ. ಅಲ್ಲಿ ಮೋಟರ್ ದಿನಕ್ಕೆ ಅರ್ಧ ಗಂಟೆ ಓಡಬಹುದು, ಇಲ್ಲಿ 24 ಗಂಟೆಯೂ ಓಡಬೇಕು.

ಲಾಭ ಏನು? ಒಟ್ಟು ನೀರು ಹೆಚ್ಚಾಗುತ್ತದೆ. ಹೀಟರ್, ಸ್ಪಂಜ್, ಪೈಪುಗಳು ಕಣ್ಣಿಗೆ ಬೀಳುವುದಿಲ್ಲ. ಮೀನುಗಳಿಗೆ ತೊಂದರೆ ಕೊಡದೆ ಫಿಲ್ಟರ್ ತೊಳೆಯಬಹುದು. ಎರಡು ಅಡಿ ಟ್ಯಾಂಕಿನಲ್ಲಿ ನಾಲ್ಕು ಗಪ್ಪಿ ಇಟ್ಟವರಿಗೆ ಇದ್ಯಾವುದೂ ಬೇಕಿಲ್ಲ, ಒಂದು ಸ್ಪಂಜ್ ಫಿಲ್ಟರ್ ಸಾಕು. ಸಂಪ್‌ನ ಮಾತು ಬರುವುದು ಸಾಮಾನ್ಯವಾಗಿ ಮೂರು–ನಾಲ್ಕು ಅಡಿ ದಾಟಿದ ಟ್ಯಾಂಕುಗಳಿಗೆ, ಹೆಚ್ಚು ಗಲೀಜು ಮಾಡುವ ಗೋಲ್ಡ್‌ಫಿಶ್, ಆಸ್ಕರ್‌ನಂಥ ಮೀನುಗಳಿಗೆ, ಮತ್ತು ಉಪ್ಪುನೀರಿನ ಅಕ್ವೇರಿಯಂಗೆ.

ಕರೆಂಟ್ ಹೋದಾಗ ಏನಾಗುತ್ತದೆ?

ಲೆಕ್ಕಕ್ಕೆ ಒಂದು ಟ್ಯಾಂಕ್ ಇಟ್ಟುಕೊಳ್ಳೋಣ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಅಂದರೆ 12 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರಿನಂತೆ ಸುಮಾರು 340 ಲೀಟರ್.

ಈ ಟ್ಯಾಂಕಿನಲ್ಲಿ ನೀರು ಒಂದು ಇಂಚು ಇಳಿದರೆ ಎಷ್ಟು ಲೀಟರ್? 4 × 1.5 ಅಡಿ, ಅಂದರೆ 6 ಚದರ ಅಡಿ. ಅದರ ಹನ್ನೆರಡನೇ ಒಂದು ಭಾಗ ಅರ್ಧ ಘನ ಅಡಿ. ಸುಮಾರು 14 ಲೀಟರ್. ಇಂಚಿಗೆ 14 ಲೀಟರ್ ಎಂಬ ಈ ಒಂದು ಸಂಖ್ಯೆ ನೆನಪಿರಲಿ, ಮುಂದಿನ ಎಲ್ಲಾ ಲೆಕ್ಕವೂ ಇದರ ಮೇಲೆ ನಿಂತಿದೆ. ನಿಮ್ಮ ಟ್ಯಾಂಕ್ ಬೇರೆ ಅಳತೆಯದಾದರೆ ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಗುಣಿಸಿ, 28.3ರಿಂದ ಮತ್ತೆ ಗುಣಿಸಿ, 12ರಿಂದ ಭಾಗಿಸಿ.

ಪಂಪ್ ಓಡುತ್ತಿರುವಾಗ ಮೇಲಿನ ನೀರು ಓವರ್‌ಫ್ಲೋ ಹಲ್ಲುಗಳಿಗಿಂತ ಸ್ವಲ್ಪ ಎತ್ತರದಲ್ಲಿರುತ್ತದೆ. ಅರ್ಧ ಇಂಚು ಎಂದುಕೊಳ್ಳಿ. ಪಂಪ್ ನಿಂತ ಕೂಡಲೇ ಆ ಅರ್ಧ ಇಂಚು, ಅಂದರೆ 7 ಲೀಟರ್, ಕೆಳಗಿಳಿಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತಿರುತ್ತದೆ. ಅನೇಕರು ಮರೆಯುವುದು ರಿಟರ್ನ್ ಪೈಪನ್ನು.

ನೀರನ್ನು ಮೇಲಕ್ಕೆ ತರುವ ಆ ಪೈಪಿನ ಬಾಯಿ ನೀರಿನೊಳಗೆ ಮುಳುಗಿದ್ದರೆ, ಪಂಪ್ ನಿಂತಾಗ ಅದೇ ಪೈಪ್ ಸೈಫನ್ ಆಗಿ ಉಲ್ಟಾ ಎಳೆಯತೊಡಗುತ್ತದೆ. ಕ್ಯಾನಿನಿಂದ ಟ್ಯೂಬ್ ಹಾಕಿ ಬಾಯಲ್ಲಿ ಎಳೆದು ಸೀಮೆಎಣ್ಣೆ ಇಳಿಸುತ್ತಿದ್ದರಲ್ಲ, ಅದೇ ತತ್ವ. ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ಅದು ನಿಲ್ಲುವುದಿಲ್ಲ. ಅಂದರೆ ಪೈಪಿನ ಬಾಯಿ ಎಷ್ಟು ಇಂಚು ಮುಳುಗಿದೆಯೋ ಅಷ್ಟು ಇಂಚು ನೀರು ಕೆಳಗೆ ಬರುತ್ತದೆ.

ಬಾಯಿ ಒಂದೂವರೆ ಇಂಚು ಮಾತ್ರ ಮುಳುಗಿದ್ದರೆ 21 ಲೀಟರ್. ಓವರ್‌ಫ್ಲೋ ಬಾಕ್ಸ್ ಮತ್ತು ಪೈಪುಗಳಲ್ಲಿ ಉಳಿದಿರುವ ನೀರಿಗೆ ಇನ್ನು ಮೂರು ಲೀಟರ್ ಸೇರಿಸಿ. ಒಟ್ಟು 24. ಅದೇ ಬಾಯಿ ‘ನೀರು ತಳದವರೆಗೂ ಸುತ್ತಲಿ’ ಎಂದು ಐದು ಇಂಚು ಕೆಳಗಿದ್ದರೆ? 71 ಲೀಟರ್, ಜೊತೆಗೆ ಆ ಮೂರು. ಒಟ್ಟು 74.

ಈಗ ಕೆಳಗಿನ ಸಂಪ್ ನೋಡೋಣ. 36 ಇಂಚು ಉದ್ದ, 15 ಇಂಚು ಅಗಲ, 16 ಇಂಚು ಎತ್ತರ. ತುಂಬಿದರೆ ಸುಮಾರು 140 ಲೀಟರ್. ಮೇಲಿನ ಟ್ಯಾಂಕಿನ 40 ಪರ್ಸೆಂಟಿಗೂ ಹೆಚ್ಚು, ಫಾರ್ವರ್ಡ್ ಹೇಳುವುದಕ್ಕಿಂತ ದೊಡ್ಡದು. ಪಂಪ್ ಓಡುವಾಗ ಇದರಲ್ಲಿ 10 ಇಂಚಿನ ಆಸುಪಾಸು ನೀರಿದ್ದರೆ ಮೇಲೆ ಉಳಿಯುವ ಖಾಲಿ ಜಾಗ ಸುಮಾರು 55 ಲೀಟರ್. 24 ಲೀಟರ್ ಇಳಿದರೆ ಆರಾಮಾಗಿ ಹಿಡಿಯುತ್ತದೆ. 74 ಲೀಟರ್ ಇಳಿದರೆ ಒಂದು ದೊಡ್ಡ ಬಿಂದಿಗೆಗೂ ಹೆಚ್ಚು ನೀರು ನೆಲದ ಮೇಲೆ.

ಸಂಪ್ ಒಂದೇ, ಪರ್ಸೆಂಟ್ ಒಂದೇ. ಬದಲಾಗಿದ್ದು ಮೇಲಿನ ಪೈಪಿನ ಮೂರೂವರೆ ಇಂಚು ಮಾತ್ರ. ಹಾಗೆಯೇ, ಪೈಪಿನ ಬಾಯಿ ಮೇಲ್ಮಟ್ಟದಲ್ಲೇ ಇದ್ದರೆ ಇದೇ ಟ್ಯಾಂಕಿಗೆ 85–90 ಲೀಟರಿನ, ಅಂದರೆ ಬರೀ 25 ಪರ್ಸೆಂಟ್ ಅಳತೆಯ ಸಂಪ್ ಕೂಡ ಮೋಸ ಮಾಡದೆ ನಡೆಯುತ್ತದೆ. ಹಾಗಾಗಿ ‘30% ಸಾಕು’ ಎಂಬ ಮಾತಿಗೆ ನಮ್ಮ ಉತ್ತರ: ಅರ್ಧ ನಿಜ.

ಎನ್‌ಆರ್‌ವಿ ಹಾಕಿದರೆ ಸಾಲದೇ?

ಸಾಲದು. ನೀರು ಹಿಂದಕ್ಕೆ ಬರದಂತೆ ತಡೆಯುವ ಈ ವಾಲ್ವ್ ಹೊಸದಿದ್ದಾಗ ಕೆಲಸ ಮಾಡುತ್ತದೆ. ಅಕ್ವೇರಿಯಂ ನೀರಿನಲ್ಲಿ ಪಾಚಿ, ಎಲೆಯ ಚೂರು, ಪುಟ್ಟ ಬಸವನಹುಳು ಎಲ್ಲವೂ ಇರುತ್ತವೆ. ವಾಲ್ವಿನ ಬಾಗಿಲಿಗೆ ಒಂದು ಚೂರು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಅದು ಕೆಟ್ಟಿದೆ ಎಂದು ಗೊತ್ತಾಗುವುದು ಬೇಕಾದ ದಿನವೇ. ಹಾಕಬೇಡಿ ಎನ್ನುತ್ತಿಲ್ಲ. ಅದು ಇಲ್ಲವೇ ಇಲ್ಲ ಎಂದುಕೊಂಡು ಸಂಪ್‌ನ ಲೆಕ್ಕ ಹಾಕಿ.

ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಸಣ್ಣ ತೂತು ಕೊರೆಯುವ ಉಪಾಯವೂ ಇದೆ. ನೀರು ಅಲ್ಲಿಗಿಳಿದಾಗ ತೂತಿನಿಂದ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಒಳ್ಳೆಯ ಉಪಾಯವೇ, ಆದರೆ ತೂತು ಪಾಚಿಯಿಂದ ಮುಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಟೂತ್‌ಪಿಕ್ ಹಾಕಿ ಬಿಡಿಸುವ ಅಭ್ಯಾಸ ಇದ್ದವರಿಗೆ ಮಾತ್ರ ಅದು ನಂಬಿಕಸ್ಥ. ಪೈಪಿನ ಬಾಯನ್ನೇ ಮೇಲಿಡುವುದು ಎಲ್ಲಕ್ಕಿಂತ ಸುಲಭ. ಪೈಪ್ ಕೆಡುವುದಿಲ್ಲ, ಕಟ್ಟಿಕೊಳ್ಳುವುದೂ ಕಡಿಮೆ.

ಉಲ್ಟಾ ಅಪಾಯ: ಮೇಲೆ ತುಂಬಿ ಸುರಿಯುವುದು

‘ಹಾಗಾದರೆ ಸಂಪ್ ಎಷ್ಟು ದೊಡ್ಡದಾದರೂ ಒಳ್ಳೆಯದೇ’ ಎಂದರೆ, ಅಲ್ಲಿ ಇನ್ನೊಂದು ಗುಂಡಿ ಇದೆ. ಮೋಟರ್ ಆಫ್ ಮಾಡಲು ಮರೆತು ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿಯುವುದನ್ನು ನೋಡದ ಮನೆ ನಮ್ಮಲ್ಲಿ ಯಾವುದಿದೆ? ಅಕ್ವೇರಿಯಂನಲ್ಲಿ ಕೆಳಗಿಳಿಯುವ ಪೈಪಿಗೆ ಎಲೆಯೋ ಸತ್ತ ಮೀನೋ ಅಡ್ಡ ಬಂದರೆ ಇದೇ ಕಥೆ. ನೀರು ಕೆಳಗೆ ಬರುವುದು ನಿಲ್ಲುತ್ತದೆ, ಪಂಪ್ ಮಾತ್ರ ತಳ್ಳುತ್ತಲೇ ಇರುತ್ತದೆ.

ಎಷ್ಟು ನೀರು ಮೇಲೆ ಹೋಗುತ್ತದೆ? ಪಂಪ್ ಇರುವ ಕೊನೆಯ ಕೋಣೆಯಲ್ಲಿ ಎಷ್ಟಿದೆಯೋ ಅಷ್ಟು. ನಮ್ಮ ಉದಾಹರಣೆಯಲ್ಲಿ ಆ ಕೋಣೆ 10 × 15 ಇಂಚು, ನೀರು 8 ಇಂಚು ಎಂದುಕೊಳ್ಳಿ. ಮೂರು ಇಂಚಿಗೆ ಇಳಿದಾಗ ಪಂಪ್ ಗಾಳಿ ಎಳೆಯತೊಡಗುತ್ತದೆ. ನಡುವಿನ ಐದು ಇಂಚು ಸುಮಾರು 12 ಲೀಟರ್. ಮೇಲೆ ಟ್ಯಾಂಕಿನ ಅಂಚಿಗೂ ನೀರಿಗೂ ಒಂದು ಇಂಚು ಅಂತರ ಬಿಟ್ಟಿದ್ದರೆ 14 ಲೀಟರ್ ಹಿಡಿಯುತ್ತದೆ. ಬಚಾವ್. ಪಂಪ್ ಗರ್ ಎಂದು ಸದ್ದು ಮಾಡುತ್ತದೆ, ಸುಟ್ಟರೂ ಸುಡಬಹುದು, ಆದರೆ ಸೋಫಾ ಉಳಿಯುತ್ತದೆ. ಅದೇ ‘ಜಾಸ್ತಿ ನೀರಿರಲಿ’ ಎಂದು ಪಂಪಿನ ಕೋಣೆಯನ್ನು 20 ಇಂಚು ಉದ್ದ ಮಾಡಿದ್ದರೆ 24–25 ಲೀಟರ್ ಮೇಲೆ ಹೋಗಿ ಹತ್ತು ಲೀಟರ್ ಹೊರಗೆ ಚೆಲ್ಲುತ್ತಿತ್ತು.

ಸಂಪ್ ಒಟ್ಟಾರೆ ದೊಡ್ಡದಿದ್ದರೆ ತೊಂದರೆಯಿಲ್ಲ, ಪಂಪಿನ ಕೋಣೆ ಮಾತ್ರ ಹದ್ದುಮೀರಬಾರದು. ಪಾರ್ಟಿಷನ್ ಮಾಡುವುದರ ದೊಡ್ಡ ಕಾರಣವೇ ಇದು ಎಂದು ನನಗನಿಸುತ್ತದೆ. ಆದರೆ ಪಾರ್ಟಿಷನ್ ಬಗ್ಗೆ ಮಾತಾಡುವವರು ಹೇಳುವುದೆಲ್ಲ ಮೀಡಿಯಾ, ಬಯೋ ಬಾಲ್, ಕಾರ್ಬನ್ ಬಗ್ಗೆಯೇ.

ಎಷ್ಟು ಪಾರ್ಟಿಷನ್ ಬೇಕು?

ಮೂರು. ಸಿಹಿನೀರಿನ ಮನೆ ಅಕ್ವೇರಿಯಂಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ.

ಮೊದಲನೆಯದು ಮೇಲಿನಿಂದ ನೀರು ಬೀಳುವ ಕೋಣೆ, 8 ಇಂಚು ಸಾಕು. ಫಿಲ್ಟರ್ ವುಲ್ ಅಥವಾ ಫಿಲ್ಟರ್ ಚೀಲ ಇಲ್ಲಿರಬೇಕು. ಕಸ ಮುಂದಿನ ಕೋಣೆಗೆ ಹೋಗುವ ಮೊದಲೇ ಸಿಗಬೇಕು. ಒಂದು ಎಚ್ಚರಿಕೆ: ವುಲ್ ಕಟ್ಟಿಕೊಂಡಾಗ ನೀರು ಅದರ ಮೇಲಿಂದ ಹರಿದು ಮುಂದಿನ ಕೋಣೆಗೆ ಹೋಗಲು ದಾರಿ ಇರಬೇಕು, ಇಲ್ಲದಿದ್ದರೆ ಮೊದಲ ಕೋಣೆಯ ಗೋಡೆ ಹತ್ತಿ ಹೊರಗೆ ಚೆಲ್ಲುತ್ತದೆ. ಹಾಗಾಗಿ ಇಲ್ಲಿನ ಅಡ್ಡ ಗಾಜು ಸಂಪ್‌ನ ಹೊರಗಿನ ಗಾಜಿಗಿಂತ ಸ್ಪಷ್ಟವಾಗಿ ಕುಳ್ಳಗಿರಲಿ. ವುಲ್ಲನ್ನು ಮೂರು–ನಾಲ್ಕು ದಿನಕ್ಕೊಮ್ಮೆ ತೊಳೆಯಬೇಕು. ಹಿಡಿದಿಟ್ಟ ಕಸ ಅಲ್ಲೇ ಕೊಳೆತರೆ ಅದರ ಅಮೋನಿಯಾ ಮತ್ತೆ ನೀರಿಗೇ ಸೇರುತ್ತದೆ.

ಎರಡನೆಯದು ದೊಡ್ಡ ಕೋಣೆ, 14 ಇಂಚು. ಸೆರಾಮಿಕ್ ರಿಂಗ್, ಸ್ಪಂಜ್, ಬಯೋ ಬಾಲ್‌ಗಳ ಜಾಗ. ಮೀನಿನ ಗಲೀಜಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುವ ಸೂಕ್ಷ್ಮಜೀವಿಗಳು ಇವುಗಳ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಎರಡನೇ ಕೆಲಸ ಮಾಡುವುದು ನೈಟ್ರೋಬ್ಯಾಕ್ಟರ್ ಎಂದು ಹಳೆಯ ಪುಸ್ತಕಗಳಲ್ಲಿದೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಈ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾ ಗುಂಪಿನದು ಎಂದು 1998ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ: ಮೀಡಿಯಾ ಎರಡು ಪಟ್ಟು ಹಾಕಿದರೆ ಬ್ಯಾಕ್ಟೀರಿಯಾ ಎರಡು ಪಟ್ಟಾಗುತ್ತದೆ, ಮೀನೂ ಎರಡು ಪಟ್ಟು ಇಡಬಹುದು ಎಂದು. ಈ ಜೀವಿಗಳ ಸಂಖ್ಯೆಯನ್ನು ತೀರ್ಮಾನಿಸುವುದು ಅವಕ್ಕೆ ಸಿಗುವ ಆಹಾರ, ಅಂದರೆ ಅಮೋನಿಯಾ. ಜಾಗ ಸಾಕಷ್ಟಿದ್ದ ಮೇಲೆ ಇನ್ನಷ್ಟು ರಿಂಗ್ ಸುರಿದರೆ ಅದು ಖಾಲಿ ಮನೆಗಳಿರುವ ಬಡಾವಣೆಯಂತೆ. ಅಂಗಡಿಯವರಿಗೆ ಲಾಭ.

ಮೂರನೆಯದು ಪಂಪಿನ ಕೋಣೆ. ಎರಡನೇ ಮತ್ತು ಮೂರನೇ ಕೋಣೆಯ ನಡುವೆ ಮೂರು ಅಡ್ಡ ಗಾಜುಗಳನ್ನು ಹತ್ತಿರ ಹತ್ತಿರ ನಿಲ್ಲಿಸುತ್ತಾರೆ. ನೀರು ಮೊದಲನೆಯದರ ಮೇಲಿಂದ, ಎರಡನೆಯದರ ಕೆಳಗಿಂದ, ಮೂರನೆಯದರ ಮೇಲಿಂದ ಹೋಗಬೇಕು. ದಾರಿಯಲ್ಲಿ ಗಾಳಿಗುಳ್ಳೆಗಳು ಮೇಲೇರಿ ಒಡೆಯುತ್ತವೆ. ಗಾಜುಗಳ ನಡುವಿನ ಅಂತರ ಕನಿಷ್ಠ ಒಂದು ಇಂಚು ಇರಲಿ, ಗಾಜಿನ ಕೆಳಗಿನ ಸಂದಿಯೂ ಅಷ್ಟೇ. ಗಂಟೆಗೆ 1500 ಲೀಟರ್ ನೀರು 15 ಇಂಚು ಅಗಲ, ಒಂದು ಇಂಚು ಅಂತರದ ಸಂದಿಯಲ್ಲಿ ಸೆಕೆಂಡಿಗೆ ನಾಲ್ಕೂ ಚಿಲ್ಲರೆ ಸೆಂಟಿಮೀಟರ್ ವೇಗದಲ್ಲಿ ಹರಿಯುತ್ತದೆ. ಸಂದಿ ಅರ್ಧ ಇಂಚಾದರೆ ವೇಗ ದುಪ್ಪಟ್ಟು. ಆಗ ಸಣ್ಣ ಗುಳ್ಳೆಗಳು ಮೇಲೇರುವ ಮೊದಲೇ ನೀರು ಅವನ್ನು ಎಳೆದುಕೊಂಡು ಹೋಗುತ್ತದೆ. ಜಾಗ ಉಳಿಸಲು ಸಂದಿ ಕಿರಿದು ಮಾಡಿದವರು ‘ಗುಳ್ಳೆ ನಿಲ್ಲುತ್ತಿಲ್ಲ’ ಎಂದು ಇನ್ನೆರಡು ಗಾಜು ಸೇರಿಸಿ ಮತ್ತೆ ಕಿರಿದು ಮಾಡುವುದುಂಟು.

ಮೂರೂ ಕೋಣೆ, ನಡುವಿನ ಎರಡು ಸಂದಿ, ಗಾಜುಗಳ ದಪ್ಪ ಎಲ್ಲಾ ಸೇರಿ 36 ಇಂಚಿನಲ್ಲಿ ಕೂರುತ್ತವೆ. ಪಾರ್ಟಿಷನ್ ಹೆಚ್ಚಾದಷ್ಟೂ ನೀರು ಶುದ್ಧ ಎಂಬುದು ಮಾತ್ರ ಸುಳ್ಳು. ಪ್ರತಿ ಗಾಜು ಸ್ವಲ್ಪ ಜಾಗ ತಿನ್ನುತ್ತದೆ, ಪ್ರತಿ ಸಣ್ಣ ಕೋಣೆಯೂ ಕೈ ಹೋಗದ ಮೂಲೆಯಾಗುತ್ತದೆ. ಕೈ ಹೋಗದ ಕಡೆ ಕಸ ಕೂರುತ್ತದೆ. ಗಾಜು ಅಂಟಿಸುವ ಮೊದಲು ಪಂಪನ್ನು ಕೊಂಡು ತಂದು, ಕೋಣೆಯ ಅಳತೆಯಲ್ಲಿ ಇಟ್ಟು, ಎತ್ತಿ ನೋಡಿ. ಸಂಪ್ ಸ್ಟ್ಯಾಂಡಿನ ಬಾಗಿಲಿನಲ್ಲಿ ಒಳಗೆ ಹೋಗುತ್ತದೆಯೇ ಎಂಬುದನ್ನೂ ಈಗಲೇ ಅಳೆಯಿರಿ. ತಮಾಷೆಯಲ್ಲ, ಮೇಲೆ 340 ಲೀಟರ್ ತುಂಬಿದ ಮೇಲೆ ಸ್ಟ್ಯಾಂಡ್ ಎತ್ತಲಾಗುವುದಿಲ್ಲ. ಅಂಟಿಸಲು ಅಕ್ವೇರಿಯಂಗೆಂದೇ ಇರುವ ಸಿಲಿಕೋನ್ ಬಳಸಿ. ಬಾತ್‌ರೂಮಿಗೆ ಬಳಸುವ, ಬೂಷ್ಟು ತಡೆಯುವ ಸಿಲಿಕೋನ್‌ನಲ್ಲಿರುವ ರಾಸಾಯನಿಕ ಮೀನಿಗೆ ವಿಷ.

ನೀರು ಆವಿಯಾಗುವುದು ಎಲ್ಲಿ ಕಾಣುತ್ತದೆ?

ಮೇಲಿನ ಟ್ಯಾಂಕಿನ ಮಟ್ಟವನ್ನು ಓವರ್‌ಫ್ಲೋ ಹಲ್ಲುಗಳು ಹಿಡಿದಿಡುತ್ತವೆ, ಮೊದಲೆರಡು ಕೋಣೆಗಳದ್ದನ್ನು ಅಡ್ಡ ಗಾಜುಗಳು. ಹಾಗಾಗಿ ಇಡೀ ವ್ಯವಸ್ಥೆಯಲ್ಲಿ ಆವಿಯಾದ ನೀರೆಲ್ಲ ಪಂಪಿನ ಕೋಣೆಯೊಂದರಲ್ಲೇ ಇಳಿಕೆಯಾಗಿ ಕಾಣುತ್ತದೆ. ನಮ್ಮ 10 × 15 ಇಂಚಿನ ಕೋಣೆಯಲ್ಲಿ ಒಂದು ಲೀಟರ್ ಹೋದರೆ ಮಟ್ಟ ಸರಿಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ಬೇಸಿಗೆಯಲ್ಲಿ, ಫ್ಯಾನ್ ಕೆಳಗೆ, ದಿನಕ್ಕೆ ಮೂರು ಲೀಟರ್ ಆವಿಯಾದರೆ 12 ಲೀಟರ್ ನಾಲ್ಕು ದಿನಕ್ಕೆ ಮುಗಿಯಿತು. ಮದುವೆಗೆಂದು ವಾರ ಊರಿಗೆ ಹೋಗಿ ಬಂದವರಿಗೆ ಪಂಪ್ ಒಣಗಿ ಓಡಿ ಸುಟ್ಟಿರುವುದು ಕಾಣುವುದು ಹೀಗೆ.

ಇಲ್ಲೇ ಇಕ್ಕಟ್ಟು. ಕೋಣೆ ಚಿಕ್ಕದಾದರೆ ಬೇಗ ಒಣಗುತ್ತದೆ, ದೊಡ್ಡದಾದರೆ ಮೇಲೆ ಸುರಿಯುವ ಅಪಾಯ. ನನ್ನ ಆಯ್ಕೆ ಚಿಕ್ಕದೇ. ದಿನಕ್ಕೊಮ್ಮೆ ಒಂದು ಮಗ್ ನೀರು ಹಾಕುವುದು ಕಷ್ಟವಲ್ಲ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಗುರುತು ಹಾಕಿ ತೋರಿಸಿ ಹೋಗಬಹುದು, ಇಲ್ಲವೇ ಫ್ಲೋಟ್ ವಾಲ್ವ್ ಇರುವ ಸಣ್ಣ ಕ್ಯಾನ್ ಇಡಬಹುದು. ಫ್ಲೋಟ್ ವಾಲ್ವನ್ನು ನೇರವಾಗಿ ಮನೆಯ ನಲ್ಲಿ ಪೈಪಿಗೆ ಜೋಡಿಸಬೇಡಿ. ಅದು ಕೆಟ್ಟರೆ ಸಂಪ್‌ಗೆ ಸುರಿಯುವ ನೀರಿಗೆ ಮಿತಿಯೇ ಇರುವುದಿಲ್ಲ, ನಲ್ಲಿ ನೀರಿನಲ್ಲಿ ಕ್ಲೋರಿನ್ ಬೇರೆ ಇರುತ್ತದೆ. ಉಪ್ಪುನೀರಿನ ಟ್ಯಾಂಕಿನವರು ಆವಿಯಾದದ್ದಕ್ಕೆ ಸಿಹಿನೀರನ್ನೇ ತುಂಬಬೇಕು, ಉಪ್ಪು ಆವಿಯಾಗುವುದಿಲ್ಲ.

ಹೀಟರ್ ಇದ್ದರೆ ಅದನ್ನು ಪಂಪಿನ ಕೋಣೆಯಲ್ಲಿಡದೆ ಮಟ್ಟ ಬದಲಾಗದ ಎರಡನೇ ಕೋಣೆಯಲ್ಲಿಡಿ. ನೀರಿನಿಂದ ಹೊರಬಂದ ಗಾಜಿನ ಹೀಟರ್ ಒಡೆಯಬಹುದು. ಉಪ್ಪುನೀರಿನವರ ಸ್ಕಿಮ್ಮರ್‌ಗೂ ಇದೇ ನಿಯಮ.

ಪಂಪಿನ ಡಬ್ಬಿ ಮೇಲಿನ ಸಂಖ್ಯೆ

ಡಬ್ಬಿ ಮೇಲೆ 3000 ಲೀಟರ್ ಎಂದಿದ್ದರೆ ಅದು ನೀರನ್ನು ಮೇಲೆತ್ತುವ ಕೆಲಸವೇ ಇಲ್ಲದಾಗಿನ ಲೆಕ್ಕ. ನಾಲ್ಕೈದು ಅಡಿ ಎತ್ತಬೇಕಾದಾಗ, ನಡುವೆ ಎಲ್ಬೋಗಳಿದ್ದಾಗ, ಅದು ಅರ್ಧಕ್ಕೇ ಇಳಿಯಬಹುದು. ಅಳೆಯುವುದು ಸುಲಭ: ರಿಟರ್ನ್ ಪೈಪಿನ ಬಾಯನ್ನು ಟ್ಯಾಂಕಿನ ಎತ್ತರದಲ್ಲೇ 10 ಲೀಟರ್ ಬಕೆಟ್‌ಗೆ ಹಿಡಿದು ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. 24 ಸೆಕೆಂಡಿಗೆ ತುಂಬಿದರೆ ಗಂಟೆಗೆ 1500 ಲೀಟರ್. ಟ್ಯಾಂಕಿನ ನೀರು ಗಂಟೆಗೆ ಮೂರರಿಂದ ಐದು ಸಲ ಸಂಪ್ ಹಾದು ಬಂದರೆ ಸಾಕು ಎಂಬುದು ರೂಢಿ.

ಮೊದಲ ದಿನ ಮಾಡಬೇಕಾದ ಪರೀಕ್ಷೆ

ಮೀನು ಬಿಡುವ ಮೊದಲು ಎಲ್ಲಾ ತುಂಬಿ, ಪಂಪ್ ಓಡಿಸಿ, ಬೇಕೆಂದೇ ಸ್ವಿಚ್ ಆಫ್ ಮಾಡಿ. ಹತ್ತು ನಿಮಿಷ ಕಾಯಿರಿ. ಸಂಪ್‌ನ ನೀರು ಅಂಚಿನಿಂದ ಕನಿಷ್ಠ ಒಂದು ಇಂಚು ಕೆಳಗೇ ನಿಲ್ಲಬೇಕು. ನಿಲ್ಲದಿದ್ದರೆ ನೀರು ತೆಗೆಯಿರಿ, ಅಥವಾ ಪೈಪಿನ ಬಾಯಿ ಮೇಲೆತ್ತಿ. ಸರಿಯಾದ ಮೇಲೆ ಪಂಪ್ ಮತ್ತೆ ಓಡಿಸಿ, ಪಂಪಿನ ಕೋಣೆಯ ಗಾಜಿನ ಮೇಲೆ ಆಗಿನ ನೀರಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಯಾರೇ ನೀರು ತುಂಬಿಸಿದರೂ ಆ ಗೆರೆ ದಾಟಬಾರದು. ಆಮೇಲೆ ಓವರ್‌ಫ್ಲೋ ಬಾಯಿಗೆ ಬಟ್ಟೆ ತುರುಕಿ ಪಂಪ್ ಓಡಿಸಿ, ಮೇಲೆ ಸುರಿಯುತ್ತದೆಯೇ ನೋಡಿ. ಈ ಪರೀಕ್ಷೆ ಮಾಡುವಾಗ ಮಾತ್ರ ಪಕ್ಕದಲ್ಲೇ ನಿಂತಿರಿ, ಪಂಪ್ ಗಾಳಿ ಎಳೆದ ಕೂಡಲೇ ಆಫ್ ಮಾಡಿ.

ಎಕ್ಸ್‌ಟೆನ್ಷನ್ ಬಾಕ್ಸನ್ನು ಸಂಪ್ ಪಕ್ಕ ಸ್ಟ್ಯಾಂಡಿನ ತಳದಲ್ಲಿ ಇಡುವುದು ತುಂಬಾ ಕಡೆ ಕಾಣುತ್ತದೆ. ನೀರು ಚೆಲ್ಲಿದರೆ ಮೊದಲು ಹೋಗುವುದು ಅಲ್ಲಿಗೇ. ಅದನ್ನು ಸಂಪ್‌ನ ಅಂಚಿಗಿಂತ ಮೇಲೆ, ಪಕ್ಕದ ಗೋಡೆಗೆ ಹೊಡೆಯಿರಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಜೋಲಿ ಮತ್ತೆ ಮೇಲೇರುವಂತಿರಲಿ, ವೈರ್ ಮೇಲೆ ಹರಿದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ‘ಮನೇಲಿ ಎಂಸಿಬಿ ಇದೆಯಲ್ಲ’ ಎನ್ನಬೇಡಿ. ಎಂಸಿಬಿ ಇರುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗೆ. ಶಾಕ್ ಹೊಡೆಯುವಾಗ ಲೈನ್ ಕತ್ತರಿಸುವುದು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅನೇಕ ಎಲೆಕ್ಟ್ರಿಷಿಯನ್‌ಗಳು ಇನ್ನೂ ಇಎಲ್‌ಸಿಬಿ ಎನ್ನುವುದು ಇದನ್ನೇ. ನೆಲ ಒದ್ದೆಯಾಗಿದ್ದರೆ ಸಂಪ್ ಮುಟ್ಟುವ ಮೊದಲು ಮೇನ್ ಆಫ್ ಮಾಡಿ.

ಕರೆಂಟ್ ಗಂಟೆಗಟ್ಟಲೆ ಹೋಗುವ ಊರುಗಳಲ್ಲಿ ಇನ್ನೊಂದು ವಿಷಯ. ಸಂಪ್ ನಿಂತಾಗ ಮೇಲಿನ ಮೀನುಗಳಿಗೂ ಕೆಳಗಿನ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಇದ್ದರೆ ಅದರ ಪೈಪನ್ನು ಮೇಲಿನ ಟ್ಯಾಂಕಿಗೇ ಬಿಡಿ. ಎರಡನೇ ಪೈಪ್ ಇದ್ದರೆ ಮಾತ್ರ ಸಂಪ್‌ನ ಎರಡನೇ ಕೋಣೆಗೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ. ಅದರ ಪೈಪೂ ಸೈಫನ್ ಆಗಬಲ್ಲದು.